ಇವತ್ತಿನ ದುಡ್ಡು ಬಂತಾ?

2025 ಜುಲೈ 19, ಶನಿವಾರ
ಡೊಂಬಿವಲಿ, ರಾತ್ರಿ 10.40

ಒದ್ದೆ ಬಟ್ಟೆ ಬದಲಿಸಿ, ಗಂಜಿ ಉಂಡು ಈಗಷ್ಟೇ ಕೂತೆ. ಚೀಲದಲ್ಲಿದ್ದ ಹನ್ನೊಂದು ಹಾಳೆಗಳಲ್ಲಿ ಎರಡು ಮಳೆಗೆ ನೆಂದು ಶಾಯಿ ಹರಡಿದೆ. ಫ್ಯಾನಿನ ಕೆಳಗೆ ಹರವಿಟ್ಟಿದ್ದೇನೆ. ಇವತ್ತು ಮಧ್ಯಾಹ್ನ ನಮ್ಮ ಕ್ರೆಡಿಟ್ ಸೊಸೈಟಿಯ ಆಡಳಿತ ಮಂಡಳಿಯ ಮುಂದೆ ಪಿಗ್ಮಿ ಆ್ಯಪನ್ನು ಹೊಸದಾಗಿ ರೂಪಿಸುವ ಪ್ರಸ್ತಾವ ಇಟ್ಟು ಬಂದೆ. ಪಿಗ್ಮಿ ಎಂದರೆ ದಿನವೂ ಬಾಗಿಲಿಗೆ ಬರುವ ಏಜೆಂಟರ ಕೈಗೆ ಸ್ವಲ್ಪ ಸ್ವಲ್ಪವೇ ಕಟ್ಟುವ ಉಳಿತಾಯ. ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡಬೇಕು, ನಾಳೆಗೆ ಅರ್ಧ ಮರೆತಿರುತ್ತದೆ.

ಸೊಸೈಟಿಯ ಹೆಸರು ಇಲ್ಲಿ ಬೇಡ. ನಮ್ಮ ಊರಿನ ಕಡೆಯವರೇ ಮುಂಬಯಿಯಲ್ಲಿ ಕಟ್ಟಿಕೊಂಡದ್ದು. ಸದಸ್ಯರಲ್ಲಿ ಹೆಚ್ಚಿನವರು ಹೋಟೆಲಿನವರು, ಬೀಡಾ ಅಂಗಡಿಯವರು, ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಳಿಸುವ ಹೆಂಗಸರು. ನನ್ನ ಅಪ್ಪ ಹೋಟೆಲಿನಲ್ಲಿ ಬಟ್ಟಲು ತೊಳೆಯುತ್ತಿದ್ದ ಕಾಲದಲ್ಲಿ ದಿನಕ್ಕೆ ಎರಡು ರೂಪಾಯಿ ಕಟ್ಟಿ ಉಳಿಸಿದ್ದು ಇಲ್ಲೇ. ನನ್ನ ಕಾಲೇಜಿನ ಮೊದಲ ವರ್ಷದ ಫೀಸು ಆ ದುಡ್ಡಿನಿಂದ ಹೋಗಿದೆ. ಹಾಗಾಗಿ ಕಳೆದ ವರ್ಷ ಪಾಸ್‌ಬುಕ್ ನಿಲ್ಲಿಸಿ ಆ್ಯಪ್ ತಂದ ಮೇಲೆ ಒಬ್ಬೊಬ್ಬರೇ ‘ನೀನು ಆ್ಯಪ್ ರೂಪಿಸುವ ಕೆಲಸದಲ್ಲೇ ಇದ್ದೀಯಲ್ಲ, ಇದನ್ನೊಮ್ಮೆ ನೋಡು’ ಎಂದಾಗ ಬೇರೆಯವರ ಕೆಲಸ ಎಂದು ಸುಮ್ಮನಿರಲು ಆಗಲಿಲ್ಲ. ಕಂಪನಿಯ ಕೆಲಸ ಮುಗಿಸಿ, ಭಾನುವಾರಗಳನ್ನು ಕೂಡಿಸಿ ಮೂರು ತಿಂಗಳು ಇದಕ್ಕೆ ಕೊಟ್ಟಿದ್ದೇನೆ.

ಏಳು ಜನ ಆ್ಯಪ್ ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಏಳು ಎಂದರೆ ಸಾಲದು ಎಂದು ಇವತ್ತು ಒಬ್ಬ ನಿರ್ದೇಶಕರು ಹೇಳಿದರು. ಒಂದು ಸುತ್ತಿನ ಪರೀಕ್ಷೆಗೆ ಐದು ಜನ ಸಾಕು, ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಅಷ್ಟರಲ್ಲೇ ಕಾಣುತ್ತವೆ ಎಂದು ಇಂಥ ಬಳಕೆ-ಪರೀಕ್ಷೆಗಳ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ನನಗಂತೂ ಮೊದಲನೆಯವರಲ್ಲೇ ಅರ್ಧ ಉತ್ತರ ಸಿಕ್ಕಿತ್ತು.

ಅವರು ಮಾಟುಂಗಾದ ಒಂದು ಹೋಟೆಲಿನ ದೋಸೆ ಭಟ್ಟರು. ಮಧ್ಯಾಹ್ನ ಮೂರೂವರೆ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಅರ್ಧ ಗಂಟೆ. ಹಿಂಬದಿಯ ಮೆಟ್ಟಿಲ ಮೇಲೆ ಕೂತೆವು. ‘ಇವತ್ತಿನ ಪಿಗ್ಮಿ ಜಮೆ ಆಗಿದೆಯೋ ನೋಡಿ ಭಟ್ರೇ’ ಅಂದೆ, ಅಷ್ಟೇ. ಅವರು ಹೆಗಲ ಬೈರಾಸಿನಲ್ಲಿ ಕೈ ಒರೆಸಿದರು, ಮತ್ತೊಮ್ಮೆ ಒರೆಸಿದರು. ಬೆರಳ ತುದಿಯಲ್ಲಿ ಎಣ್ಣೆಯ ಪಸೆ ಉಳಿದೇ ಇತ್ತು. ವರ್ಷಗಟ್ಟಲೆ ಕಾವಲಿಯ ಮುಂದೆ ಸವೆದ ಬೆರಳು. ಫಿಂಗರ್‌ಪ್ರಿಂಟ್ ಮೂರು ಸಲವೂ ಹಿಡಿಯಲಿಲ್ಲ. ಪಿನ್ ಒತ್ತಿದರು. ತೆರೆದ ಮೊದಲ ಪರದೆಯಲ್ಲಿ ಹದಿನಾಲ್ಕು ಚಿತ್ರಗಳು: ಠೇವಣಿ, ಸಾಲ, ಷೇರು, ಕೆವೈಸಿ, ನಾಮಿನಿ, ಸುತ್ತೋಲೆ, ಹೀಗೆ. ಭಟ್ಟರ ಹೆಬ್ಬೆರಳು ಪರದೆಯ ಮೇಲೆ ಗಾಳಿಯಲ್ಲೇ ಸುತ್ತಿತು. ‘ಠೇವಣಿ’ ಒತ್ತಲು ಹೋಗಿ ಪಕ್ಕದ ‘ಷೇರು’ ತೆರೆಯಿತು. ಹಿಂದೆ ಬಂದರು. ಖಾತೆ ಆಯ್ಕೆ ಮಾಡಿ ಎಂದಿತು, ಮಾಡಿದರು. ಆಮೇಲೆ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ಕೇಳಿತು.

‘ಇವತ್ತಿನದ್ದು ಕೇಳಿದ್ರೆ ಎಲ್ಲಿಂದ ಎಲ್ಲಿವರೆಗೆ ಅಂತ ಕೇಳ್ತದಲ್ಲ ಇದು’ ಎಂದು ನನ್ನ ಮುಖ ನೋಡಿದರು.

ನಾನು ಹೇಳಿಕೊಡುವ ಹಾಗಿಲ್ಲ. ಬಳಸುವವರು ತಡವರಿಸುವಾಗ ಬಾಯಿ ಮುಚ್ಚಿ ನೋಡುತ್ತಾ ಕೂರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ, ಅದರಲ್ಲೂ ಎದುರಿಗಿರುವವರು ಅಪ್ಪನ ವಯಸ್ಸಿನವರಾದರೆ. ನಾಲ್ಕು ನಿಮಿಷದ ಮೇಲೆ ಒಂದು ಸಾಲು ಬಂತು: ‘ನಿಮ್ಮ ವಹಿವಾಟು ಪ್ರಕ್ರಿಯೆಯಲ್ಲಿದೆ.’

‘ಅಂದ್ರೆ ಬಂತಾ, ಬರ್ಲಿಲ್ವಾ?’

ನನಗೂ ಗೊತ್ತಾಗಲಿಲ್ಲ. ಭಟ್ಟರು ಎದ್ದು ಒಳಗೆ ಹೋಗಿ, ಟ್ರಂಕಿನಿಂದ ಹಳೆಯ ಪಿಗ್ಮಿ ಪಾಸ್‌ಬುಕ್ ತಂದು ತೊಡೆಯ ಮೇಲೆ ಬಿಡಿಸಿದರು. ಪ್ಲಾಸ್ಟಿಕ್ ಹೊದಿಕೆ, ಅಂಚಿನಲ್ಲಿ ಅರಿಸಿನದ ಕಲೆ. ಒಂದೊಂದು ಸಾಲಿನಲ್ಲೂ ತಾರೀಕು, ಮೊತ್ತ, ಪಕ್ಕದಲ್ಲಿ ಏಜೆಂಟರ ಓರೆಯಾದ ಸಣ್ಣ ಸಹಿ. ‘ಇದ್ರಲ್ಲಿ ನೋಡು ಮಗಳೇ. ದುಡ್ಡು ಕೊಟ್ಟೆ, ಅವನು ಬರ್ದ. ಬರೆಯುದನ್ನು ನಾನು ಕಣ್ಣಾರೆ ಕಂಡೆ. ಗಲ್ಲಾದ ಹತ್ರ ಇರುವ ಆ ಪುಟ್ಟ ಡಬ್ಬಿ ಕೂಡ ದುಡ್ಡು ಬಂದ್ರೆ ಬಂತು ಅಂತ ಬಾಯಿಬಿಟ್ಟು ಹೇಳ್ತದೆ. ಇದು ಮಾತ್ರ ಹೇಳುದೇ ಇಲ್ಲ.’

ನನ್ನ ಇಡೀ ಪ್ರಸ್ತಾವ ಆ ಮೆಟ್ಟಿಲ ಮೇಲೆ ಹುಟ್ಟಿದ್ದು. ಪಾಸ್‌ಬುಕ್ಕಿನ ಒಂದು ಸಾಲು ಮೂರು ಪ್ರಶ್ನೆಗೆ ಉತ್ತರ ಕೊಡುತ್ತಿತ್ತು: ಇವತ್ತಿನದ್ದು ಬಂತಾ, ಯಾರ ಕೈಗೆ ಕೊಟ್ಟೆ, ಒಟ್ಟು ಎಷ್ಟಾಯಿತು. ಆ್ಯಪ್ ಮಾಡಿದವರು ಆಫೀಸಿನ ವಿಭಾಗಗಳನ್ನು ತಂದು ಪರದೆಯ ಮೇಲೆ ಸಾಲಾಗಿ ಕೂರಿಸಿದ್ದಾರೆ. ಒಳಗೆ ಯಾವ ಟೇಬಲ್ಲಿನಲ್ಲಿ ಏನು ಕೆಲಸ ಎಂಬುದು ಸದಸ್ಯರಿಗೆ ಯಾಕೆ ಬೇಕು? ಆ ಮೂರು ಪ್ರಶ್ನೆ ಮೊದಲು, ಉಳಿದದ್ದೆಲ್ಲ ಅದರ ಕೆಳಗೆ. ನಾನು ಕೇಳುತ್ತಿರುವುದು ಇಷ್ಟೇ.

ಪಿಗ್ಮಿ ಹುಟ್ಟಿದ್ದೇ ಹೀಗಲ್ಲವೇ? ಕೈಮಗ್ಗದ ನೇಕಾರರ ಬದುಕು ಕುಸಿದಿದ್ದ ಕಾಲದಲ್ಲಿ, 1925ರಲ್ಲಿ, ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಅದೇ. ಆ ಬ್ಯಾಂಕು 1928ರಲ್ಲಿ ಪಿಗ್ಮಿ ತಂದಿತು. ದಿನಗೂಲಿಯವನ ಕೈಯಲ್ಲಿ ಬ್ಯಾಂಕಿಗೆ ಒಯ್ಯುವಷ್ಟು ದುಡ್ಡು ಒಟ್ಟಿಗೆ ನಿಲ್ಲುವುದಿಲ್ಲ, ಕೆಲಸ ಬಿಟ್ಟು ಬ್ಯಾಂಕಿಗೆ ಬರಲೂ ಆಗುವುದಿಲ್ಲ ಎಂದು ಕಂಡು, ಎರಡಾಣೆಯಾದರೂ ಸರಿ, ಏಜೆಂಟರನ್ನೇ ಮನೆ ಬಾಗಿಲಿಗೆ ಕಳಿಸಿದರು. ‘ಯೂಸರ್ ಸೆಂಟರ್ಡ್ ಡಿಸೈನ್’, ಅಂದರೆ ಬಳಸುವವರನ್ನು ನಡುವಿಟ್ಟು ರೂಪಿಸುವುದು, ಎಂಬ ಮಾತು ವಿನ್ಯಾಸ ತಜ್ಞ ಡೊನಾಲ್ಡ್ ನಾರ್ಮನ್ ಅವರಿಂದ ಚಾಲ್ತಿಗೆ ಬಂದದ್ದು 1980ರ ದಶಕದಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ನಮ್ಮ ಕರಾವಳಿಯವರು ಅದನ್ನು ಎರಡಾಣೆಯಲ್ಲಿ ಮಾಡಿ ತೋರಿಸಿದ್ದಾರೆ. ಇವತ್ತು ಇದನ್ನು ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು.

ಏಜೆಂಟರ ಕಷ್ಟ ಬೇರೆಯೇ. ಜೂನ್ ಕೊನೆಯಲ್ಲಿ ಒಬ್ಬ ಏಜೆಂಟಣ್ಣನ ಜೊತೆ ಒಂದು ಸಂಜೆ ಅವರ ಲೈನಿನಲ್ಲಿ, ಅಂದರೆ ಅವರು ದಿನವೂ ದುಡ್ಡು ಸಂಗ್ರಹಿಸುವ ದಾರಿಯಲ್ಲಿ, ನಡೆದೆ. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಫೋನು, ಕಂಕುಳಲ್ಲಿ ಚೀಲ. ಮೊತ್ತ ಒತ್ತಿದ ಕೂಡಲೇ ಕೀಬೋರ್ಡ್ ಎದ್ದು ಅರ್ಧ ಪರದೆ ಮುಚ್ಚುತ್ತದೆ. ‘ಸೇವ್’ ಇರುವುದು ಮೇಲೆ, ಎಡಮೂಲೆಯಲ್ಲಿ. ಬಲಗೈ ಹೆಬ್ಬೆರಳು ಅಲ್ಲಿಗೆ ಎಟಕುವುದೇ ಇಲ್ಲ. ಅವರು ಕೊಡೆಯ ಹಿಡಿಯನ್ನು ಕುತ್ತಿಗೆಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಎಡಗೈ ಬಿಡಿಸಿಕೊಂಡು ಒತ್ತುತ್ತಿದ್ದರು. ಒಂದು ಸಂಜೆಗೆ ಅರುವತ್ತು ಅಂಗಡಿ, ಅರುವತ್ತು ಸಲ. ಪರದೆಯ ಮೇಲೆ ಒಂದು ಹನಿ ಬಿದ್ದರೆ ಅದನ್ನೂ ಬೆರಳೆಂದು ತಿಳಿದು ಫೋನು ಎಲ್ಲಿಗೋ ಜಿಗಿಯುತ್ತದೆ. ಬೆರಳು ತಾಗುವ ಜಾಗ ಎಲ್ಲ ಕಡೆಗೂ ಸುಮಾರು 9 ಮಿಲಿಮೀಟರ್ ಇರಲಿ ಎಂದು ಗೂಗಲ್ ಆಂಡ್ರಾಯ್ಡಿಗೆ ಹೇಳಿಟ್ಟಿದೆ. ಇಲ್ಲಿನ ಗುಂಡಿಯನ್ನು ನಾನು ಸ್ಕೇಲ್ ಇಟ್ಟು ಅಳೆದೆ, ಐದೂ ಇಲ್ಲ.

ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಚಕ್ರ ತಿರುಗುತ್ತಲೇ ಇತ್ತು, ಏಜೆಂಟಣ್ಣ ಮತ್ತೆ ಒತ್ತಿದರು. ಮೇಲೆ ಬಂದಾಗ ಇನ್ನೂರರ ಜಮೆ ಎರಡು ಸಲ ಏರಿತ್ತು. ಅದನ್ನು ಸರಿಮಾಡಲು ಆಫೀಸಿಗೆ ಅರ್ಜಿ, ಕೈಯಿಂದ ಇನ್ನೂರು ಭರ್ತಿ. ‘ತಿಂಗಳಿಗೆ ಮೂರ್ನಾಲ್ಕು ಸಲ ಹೀಗಾಗ್ತದೆ ಅಕ್ಕ’ ಅಂದರು. ಇದಕ್ಕೆ ಮದ್ದು ಇದೆ, ಹೊಸತೇನಲ್ಲ. ಮೊದಲ ಸಲ ಒತ್ತಿದಾಗಲೇ ಫೋನು ಆ ಜಮೆಗೆ ತನ್ನದೇ ಒಂದು ನಂಬರು ಕೊಟ್ಟು ತನ್ನಲ್ಲಿ ಬರೆದಿಟ್ಟುಕೊಳ್ಳಬೇಕು. ನೆಟ್‌ವರ್ಕ್ ಸಿಕ್ಕಾಗ ಕಳಿಸಲಿ. ಅದೇ ನಂಬರು ಎರಡನೇ ಸಲ ಬಂದರೆ ಸರ್ವರ್ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಪರದೆಯ ಮೇಲೆ ‘ಪ್ರಕ್ರಿಯೆಯಲ್ಲಿದೆ’ ಬೇಡ. ‘ಏಜೆಂಟರ ಫೋನಿನಲ್ಲಿ ಬರೆದಿದೆ, ಆಫೀಸಿಗೆ ಇನ್ನೂ ತಲುಪಿಲ್ಲ’ ಎಂದಿರಲಿ. ಇದನ್ನು ಓದಿದ ಯಾರೂ ಮತ್ತೊಮ್ಮೆ ಒತ್ತುವುದಿಲ್ಲ.

ಇನ್ನು ಕನ್ನಡ. ಆ್ಯಪಿನಲ್ಲಿ ಕನ್ನಡ ಇದೆ ಎಂದು ಮಂಡಳಿಯವರಿಗೆ ಹೆಮ್ಮೆ. ಹೆಮ್ಮೆಪಡುವ ವಿಷಯವೇ, ಮುಂಬಯಿಯಲ್ಲಿ ಕೂತು ಕನ್ನಡ ಹಾಕಿಸುವುದು ಸಣ್ಣ ಮಾತಲ್ಲ. ಆದರೆ ಯಂತ್ರಕ್ಕೆ ಕೊಟ್ಟು ಮಾಡಿಸಿದ ಅನುವಾದ. ಶಿಲ್ಕು ಅಥವಾ ಬ್ಯಾಲೆನ್ಸ್ ಎಂದಿರಬೇಕಾದಲ್ಲಿ ‘ಸಮತೋಲನ’. ಬಡ್ಡಿ ಇರಬೇಕಾದಲ್ಲಿ ‘ಆಸಕ್ತಿ’. ಡಬ್ಬಿ ಕಳಿಸುವ ಒಬ್ಬ ಚಿಕ್ಕಮ್ಮ ‘ನಿಮ್ಮ ಆಸಕ್ತಿ 412’ ಎಂಬುದನ್ನು ನನಗೆ ತೋರಿಸಿ, ಇದು ಸೊಸೈಟಿಯವರು ನನ್ನಿಂದ ಹಿಡಿದುಕೊಳ್ಳುವ ದುಡ್ಡಾ ಎಂದು ಕೇಳಿದರು. ಅವರಿಗೆ ಬಂದ ಬಡ್ಡಿ ಅದು! ಸಂತೋಷಪಡಬೇಕಾದ ಸಾಲನ್ನು ನೋಡಿ ಅವರು ಹೆದರಿದ್ದರು.

ಒಂದು ಪರದೆಯಲ್ಲಿ ಮಾತ್ರ ಯಾರೋ ಪುಣ್ಯಾತ್ಮರು ಸರಿಯಾಗಿ ‘ಬಡ್ಡಿ’ ಎಂದೇ ಹಾಕಿದ್ದಾರೆ. ಅಲ್ಲಿ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿಟ್ಟದ್ದು. ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗವಿಲ್ಲ. ಡ ಕೆಳಗಿನ ಒತ್ತು ಕತ್ತರಿಸಿ ಹೋಗಿ ‘ಬಡಿ’ ಎಂದು ಕಾಣುತ್ತದೆ. ‘ಒಟ್ಟು’ ಹೋಗಿ ‘ಒಟು’ ಆಗಿದೆ. ಅದೂ ಬಿಳಿಯ ಮೇಲೆ ತೆಳು ಬೂದು ಬಣ್ಣದಲ್ಲಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5ಕ್ಕೆ 1 ಇರಬೇಕೆಂದು ವೆಬ್ಬಿಗೆ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿಯ ಮಾರ್ಗಸೂಚಿ ಹೇಳುತ್ತದೆ, ಇಲ್ಲಿ 2.3 ಬಂತು. ಸಾಲಿನ ಎತ್ತರ ಹೆಚ್ಚಿಸಿ, ಬಣ್ಣ ಗಾಢ ಮಾಡಿ ಎಂಬಿಷ್ಟಕ್ಕೆ ಒಂದು ದಿನದ ಕೆಲಸವೂ ಇಲ್ಲ. ಉಳಿದ ಯಾವುದೂ ಒಪ್ಪಿಗೆಯಾಗದಿದ್ದರೂ ಇದೊಂದನ್ನು ಮಾಡಿ ಎಂದು ಕೈಮುಗಿದು ಕೇಳಿದೆ.

ಸಭೆಯಲ್ಲಿ ಪ್ರೊಜೆಕ್ಟರ್ ಇತ್ತು, ಬಳಸಲಿಲ್ಲ. ಹೊಸ ಆ್ಯಪಿನ ಪರದೆಗಳನ್ನು ಕೈಯಿಂದ ಬರೆದಿದ್ದ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ, ಪಕ್ಕದಲ್ಲಿ ಭಟ್ಟರಿಂದ ಕೇಳಿ ತಂದ ಪಾಸ್‌ಬುಕ್. ಅಧ್ಯಕ್ಷರು ಅದನ್ನೇ ಮೊದಲು ಎತ್ತಿಕೊಂಡರು. ಸಾಲದ ಗುಂಡಿ ಮೊದಲ ಪರದೆಯಿಂದ ಹೋಗಕೂಡದು, ಸೊಸೈಟಿ ನಡೆಯುವುದೇ ಸಾಲದ ಬಡ್ಡಿಯಿಂದ ಎಂದು ಖಜಾಂಚಿಗಳು ಹಟ ಹಿಡಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಮೊದಲ ಪರದೆಯ ಕೆಳಭಾಗದಲ್ಲಿ ಇಡುವುದೆಂದು ಒಪ್ಪಿದೆ. ಹೋದ ವರ್ಷವಷ್ಟೇ ದುಡ್ಡು ಸುರಿದಿದ್ದೇವೆ ಎಂಬ ಮಾತು ಮೂರು ಸಲ ಬಂತು.

ನನ್ನನ್ನು ನಿಲ್ಲಿಸಿದ್ದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಏಜೆಂಟಣ್ಣನ ಪ್ರಶ್ನೆ. ಬಾಯಿ ತೆರೆದದ್ದು ಅದೊಂದೇ ಸಲ.

‘ಅಕ್ಕ, ಆ್ಯಪ್ ತೆರೆದ ಕೂಡಲೇ ಒಟ್ಟು ಮೊತ್ತ ಇಷ್ಟು ದೊಡ್ಡದಾಗಿ ಕಾಣ್ತದಲ್ಲ. ಹೋಟೆಲ್ ಹುಡುಗರು ಒಂದು ಕೋಣೆಯಲ್ಲಿ ಎಂಟು ಹತ್ತು ಜನ ಮಲಗುದು. ಯಾರತ್ರ ಎಷ್ಟಿದೆ ಅಂತ ಗೊತ್ತಾದ್ರೆ ಸಾಲ ಕೇಳುವವರು ಸುರು ಆಗ್ತಾರೆ. ಇಲ್ಲ ಅನ್ಲಿಕ್ಕೆ ಆಗುದಿಲ್ಲ ಅವ್ರಿಗೆ.’

ಕೋಣೆ ಸುಮ್ಮನಾಯಿತು. ಏಳು ಜನರ ಪಕ್ಕ ಕೂತಿದ್ದೆ, ಆದರೆ ಒಬ್ಬರು ಮಲಗುವ ಕೋಣೆಯನ್ನೂ ನೋಡಿರಲಿಲ್ಲ. ಪಾಸ್‌ಬುಕ್ ಇದ್ದದ್ದು ಟ್ರಂಕಿನೊಳಗೆ, ಬೀಗದ ಹಿಂದೆ. ಅದು ನನ್ನ ಕಣ್ಣೆದುರೇ ಇತ್ತು, ನಾನು ಒಳಗಿನ ಸಾಲುಗಳನ್ನಷ್ಟೇ ಓದಿದ್ದೆ. ನನ್ನ ಮೊದಲ ಹಾಳೆ ತಪ್ಪು ಎಂದು ಅಲ್ಲೇ ಒಪ್ಪಿಕೊಂಡೆ.

ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ರೈಲು ಠಾಣೆ ಸ್ಟೇಷನ್ನಿಗೆ ಬಂದು ಕೂರಲು ಜಾಗ ಸಿಕ್ಕಿದಾಗ ನೆಂದ ಹಾಳೆಯ ಹಿಂಬದಿಯಲ್ಲೇ ಹೊಸದಾಗಿ ಬರೆದೆ. ತೆರೆದ ಕೂಡಲೇ ‘ಇವತ್ತಿನದ್ದು ಬಂದಿದೆ’ ಎಂಬ ಒಂದು ಸಾಲು, ಅದರಡಿ ತಾರೀಕು ಮತ್ತು ಏಜೆಂಟರ ಹೆಸರು. ಮೊತ್ತ ಇಲ್ಲ. ಅದರ ಜಾಗದಲ್ಲಿ ಒಂದು ಅಗಲವಾದ ಪಟ್ಟಿ. ಹೆಬ್ಬೆರಳು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಒಟ್ಟು ಕಾಣಬೇಕು, ಬೆರಳು ತೆಗೆದರೆ ಮಾಯ. ಎಣ್ಣೆಯ ಬೆರಳು ಒಂದೇ ಕಡೆ ಒತ್ತಿ ನಿಲ್ಲುತ್ತದೆಯೋ ಜಾರುತ್ತದೆಯೋ, ಅದನ್ನು ನೋಡಬೇಕು.

ಮಂಡಳಿ ಎರಡು ಲೈನಿನಲ್ಲಿ ಒಂದು ತಿಂಗಳು ಪ್ರಯೋಗಕ್ಕೆ ಒಪ್ಪಿದೆ, ಆಗಸ್ಟ್ 1ರಿಂದ. ಅನುವಾದ ಮತ್ತು ಸಾಲಿನ ಎತ್ತರ ಈ ವಾರವೇ ಸರಿಮಾಡಿಸುತ್ತಾರಂತೆ. ನಾಳೆ ಮೂರೂವರೆಗೆ ಮಾಟುಂಗಾಕ್ಕೆ ಹೋಗಬೇಕು. ಭಟ್ಟರ ಪಾಸ್‌ಬುಕ್ ಹಿಂದಿರುಗಿಸಬೇಕು, ಅವರು ಮಲಗುವ ಕೋಣೆ ಒಮ್ಮೆ ನೋಡಬಹುದೇ ಎಂದು ಕೇಳಬೇಕು. ಪಾಸ್‌ಬುಕ್ಕನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಾಗಿಲ ಪಕ್ಕ ಇಟ್ಟಿದ್ದೇನೆ. ಮಳೆ ಇನ್ನೂ ಬಿಟ್ಟಿಲ್ಲ.