ಬಿಡಬೇಕಾದ ಕಂತುಗಳ ಪಟ್ಟಿ

ಕಳೆದ ಆಷಾಢದಲ್ಲಿ ಮಳೆಯ ಕಾರಣಕ್ಕೆ ಶಾಲೆಗಳಿಗೆ ರಜೆ ಕೊಟ್ಟ ಒಂದು ಶನಿವಾರ, ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಅಣ್ಣನ ಮಗಳು ಶಿವಮೊಗ್ಗದ ನಮ್ಮ ಮನೆಗೆ ಬಂದಳು. ಅವಳ ಚೀಲದಲ್ಲಿ ಗಣಿತದ ನೋಟ್‌ಬುಕ್ ಇತ್ತು. ಅದರ ಕೊನೆಯ ಪುಟಗಳಲ್ಲಿ ಮಾತ್ರ ಗಣಿತವಿರಲಿಲ್ಲ, ‘ಡಿಟೆಕ್ಟಿವ್ ಕೊನಾನ್’ ಎಂಬ ಅನಿಮೆಯ, ಅಂದರೆ ಜಪಾನಿನ ಅನಿಮೇಷನ್ ಸರಣಿಯ ಕಂತುಗಳ ಸಂಖ್ಯೆಗಳಿದ್ದವು. ನೋಡಲೇಬೇಕಾದವು ಹಸಿರು ಶಾಯಿಯಲ್ಲಿ, ಬಿಡಬೇಕಾದವು ಕೆಂಪು ಶಾಯಿಯಲ್ಲಿ. ಕೆಂಪೇ ಹೆಚ್ಚು.

ಅವಳನ್ನು ದೂರುವಂತಿಲ್ಲ. ಗೋಶೋ ಅವೊಯಾಮಾ 1994ರಲ್ಲಿ ಕಾಮಿಕ್ಸ್ ರೂಪದ ಚಿತ್ರಕಥೆಯಾಗಿ ಆರಂಭಿಸಿ, 1996ರ ಜನವರಿಯಿಂದ ಜಪಾನಿನ ಟೀವಿಯಲ್ಲಿ ಅನಿಮೆಯಾಗಿ ಬರತೊಡಗಿದ ಈ ಸರಣಿ 2021ರಲ್ಲೇ ಸಾವಿರ ಕಂತುಗಳನ್ನು ದಾಟಿದೆ. ವಿಷ ಉಂಡು ಚಿಕ್ಕ ಹುಡುಗನ ದೇಹಕ್ಕೆ ಕುಗ್ಗಿ, ಗುಟ್ಟು ಬಿಡದೆ ಕೊನಾನ್ ಎಂಬ ಹೆಸರಿನಲ್ಲಿ ಬದುಕುವ ಹೈಸ್ಕೂಲು ಪತ್ತೇದಾರ ಶಿನಿಚಿ ಕುದೊ, ತನಗೆ ಆ ವಿಷ ಉಣಿಸಿದ ಕಪ್ಪು ಉಡುಪಿನವರನ್ನು ಹಿಡಿಯುತ್ತಾನೋ ಇಲ್ಲವೋ ಎಂಬುದಷ್ಟೇ ಬೇಕಾದವರಿಗೆ ಹಸಿರು ಸಂಖ್ಯೆಗಳು ಸಾಕು. ಹಾಸ್ಟೆಲಿನ ದಿನಗಳಲ್ಲಿ ನಾನೂ ಸ್ನೇಹಿತನೊಬ್ಬ ಬರೆದುಕೊಟ್ಟ ಇಂಥದೇ ಪಟ್ಟಿಯನ್ನು ಹಿಡಿದು ನೋಡಿದವನು. ಬಿಟ್ಟದ್ದನ್ನೆಲ್ಲ ಮತ್ತೆ ಹೆಕ್ಕಿ ನೋಡಿದ್ದು ಹತ್ತು ವರ್ಷಗಳ ನಂತರ, ಕಾಲು ಮುರಿದುಕೊಂಡು ಒಂದೂವರೆ ತಿಂಗಳು ಮನೆಯಲ್ಲೇ ಕುಳಿತಿದ್ದಾಗ.

ಆ ಶನಿವಾರ ಬೆಳಿಗ್ಗೆ ಅವಳ ಪಟ್ಟಿಯಲ್ಲಿ ಹಸಿರಾಗಿದ್ದ 304ನೇ ಕಂತನ್ನು ಹಾಕಿದೆವು. 2003ರ ಜನವರಿಯಲ್ಲಿ ಪ್ರಸಾರವಾದ ಈ ದೀರ್ಘ ವಿಶೇಷ ಕಂತಿನ ಹೆಸರಿನಲ್ಲಿ 1 ಕೋಟಿ 20 ಲಕ್ಷ ಒತ್ತೆಯಾಳುಗಳಿದ್ದಾರೆ, ಅಂದರೆ ಇಡೀ ಟೋಕಿಯೊ. ಕಿರಿಯ ಪೊಲೀಸ್ ಅಧಿಕಾರಿ ತಕಾಗಿ ಮತ್ತು ಪುಟ್ಟ ಕೊನಾನ್ ಎತ್ತರದ ಗೋಪುರವೊಂದರ ಲಿಫ್ಟಿನಲ್ಲಿ ಬಾಂಬಿನೊಂದಿಗೆ ಸಿಕ್ಕಿಕೊಳ್ಳುತ್ತಾರೆ. ಎರಡನೆಯ ಬಾಂಬು ಎಲ್ಲಿದೆ ಎಂಬ ಸುಳಿವು ಅದರ ಪರದೆಯ ಮೇಲೆ ಮೂಡುವುದು ಸ್ಫೋಟಕ್ಕೆ ಮೂರು ಸೆಕೆಂಡು ಮುಂಚೆ. ತಂತಿ ಕತ್ತರಿಸಿದರೆ ಇವರಿಬ್ಬರು ಉಳಿಯುತ್ತಾರೆ, ಸುಳಿವು ಹೋಗುತ್ತದೆ. ಮೂರು ವರ್ಷ ಹಿಂದೆ ಇಂಥದೇ ಬಾಂಬಿನೆದುರು ಜಾಯಿಂಟ್ ವೀಲಿನಲ್ಲಿ ಕುಳಿತಿದ್ದ ಮತ್ಸುದಾ ಎಂಬ ಅಧಿಕಾರಿ ತಂತಿ ಕತ್ತರಿಸದೆ, ಕೊನೆಯ ಗಳಿಗೆಯಲ್ಲಿ ಸುಳಿವನ್ನು ಮೊಬೈಲಿನಿಂದ ಕಳಿಸಿ ಸತ್ತಿದ್ದ. ತಕಾಗಿಯೂ ಅದೇ ನಿರ್ಧಾರಕ್ಕೆ ಬರುತ್ತಾನೆ. ಸಾವಿಗೆ ಕಾಯುತ್ತ ಕುಳಿತಾಗ ಅವನು ಪಕ್ಕದ ಹುಡುಗನನ್ನು ಕೇಳುತ್ತಾನೆ: ಕೊನಾನ್, ನಿಜವಾಗಿ ನೀನು ಯಾರು? ತಿಳಿಯಬೇಕೆಂದಿದ್ದರೆ ಆ ಲೋಕಕ್ಕೆ ಹೋದ ಮೇಲೆ ಹೇಳುತ್ತೇನೆ ಎಂದು ಹುಡುಗ ಉತ್ತರಿಸುತ್ತಾನೆ.

ನನ್ನ ಕಣ್ಣು ಒದ್ದೆಯಾಯಿತು. ಹುಡುಗಿ ಪರದೆಯನ್ನು ಬಿಟ್ಟು ನನ್ನನ್ನೇ ನೋಡತೊಡಗಿದಳು. “ಚಿಕ್ಕಪ್ಪ, ಅಳೋಕೇನಿದೆ? ಕೊನಾನ್ ಸಾಯಲ್ಲ ಅಂತ ಎಲ್ರಿಗೂ ಗೊತ್ತು” ಎಂದಳು. ನಾನು ತಕಾಗಿಗಾಗಿ ಅತ್ತದ್ದು ಎಂದೆ. “ತಕಾಗಿ ಅಂದ್ರೆ ಆ ನೋಟ್‌ಬುಕ್ ಓದೋನು ತಾನೇ?” ಎಂದಳು.

ಅವಳು ಹೇಳಿದ್ದು ತಪ್ಪಲ್ಲ. ಪತ್ತೇದಾರಿ ಕಥೆಯ ಕಟ್ಟಿನಲ್ಲಿ ತಕಾಗಿಯಂಥವನಿಗೆ ಇರುವ ಕೆಲಸವೇ ಅದು. ಶವದ ಪಕ್ಕದಲ್ಲಿ ನಿಂತು, ಕೈಪುಸ್ತಕ ತೆರೆದು, ಮೃತರ ಹೆಸರು, ವಯಸ್ಸು, ಉದ್ಯೋಗಗಳನ್ನು ಓದುವುದು. ಸಂಶಯವಿರುವ ಮೂವರನ್ನು ಸಾಲಾಗಿ ನಿಲ್ಲಿಸುವುದು. ಇನ್‌ಸ್ಪೆಕ್ಟರ್ ಮೆಗುರೆ ಗದರಿದಾಗ ಬೆವರುವುದು. ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ಕೊಲೆಯಾಗಿ, ಸುಳಿವು ಸಿಕ್ಕಿ, ಕೊಲೆಗಾರ ಮಂಡಿಯೂರಿ ಅಳಬೇಕಾದ ಕಥೆಯಲ್ಲಿ ಪೊಲೀಸನೊಬ್ಬನ ಮನೆ, ಸಂಬಳ, ಆಸೆಗಳಿಗೆ ಜಾಗವಿಲ್ಲ. ತಕಾಗಿಗೆ ಮೊದಲು ಹೆಸರೂ ಇರಲಿಲ್ಲ. ಆರಂಭದ ಕಂತುಗಳಲ್ಲಿ ಬರುತ್ತಿದ್ದ ಹೆಸರಿಲ್ಲದ ಆ ಪೊಲೀಸನಿಗೆ ಕಂಠ ಕೊಡುತ್ತಿದ್ದ ಕಲಾವಿದ ವತಾರು ತಕಾಗಿ, ಒಮ್ಮೆ ಬರವಣಿಗೆಯಲ್ಲಿಲ್ಲದ ತಮ್ಮ ಹೆಸರನ್ನೇ ಪಾತ್ರದ ಬಾಯಿಂದ ಹೇಳಿಸಿದರು. ಅದು ನಿಂತಿತು, ಅನಿಮೆಯಲ್ಲಿ ಹುಟ್ಟಿದ ಪಾತ್ರ ಮೂಲ ಚಿತ್ರಕಥೆಯೊಳಗೂ ಹೋಯಿತು. ಊಟದ ಮೇಲೇ ಸದಾ ಕಣ್ಣಿಟ್ಟ ಗೆಂತಾ ಎಂಬ ಗುಂಡು ಹುಡುಗನ ಧ್ವನಿಯೂ ಇದೇ ಕಲಾವಿದರದು ಎಂದಾಗ ಹುಡುಗಿ ಮೊದಲು ನಂಬಲಿಲ್ಲ. ಎರಡನ್ನೂ ಹಿಂದೆ ಮುಂದೆ ಹಾಕಿ ನಾಲ್ಕು ಸಲ ಕೇಳಿದ ಮೇಲೆ ಒಪ್ಪಿಕೊಂಡಳು.

ಮಧ್ಯಾಹ್ನ ನನ್ನ ಹೆಂಡತಿ ಕರಿದ ಹಲಸಿನ ಹಪ್ಪಳದ ತಟ್ಟೆಯನ್ನು ನಡುವೆ ಇಟ್ಟುಕೊಂಡು, ಹುಡುಗಿಯ ಪಟ್ಟಿಯಲ್ಲಿ ಕೆಂಪಾಗಿದ್ದ ಕಂತುಗಳಿಗೆ ಕೈ ಹಾಕಿದೆವು. ಪೊಲೀಸ್ ಕೇಂದ್ರ ಕಚೇರಿಯವರ ಪ್ರೇಮಕಥೆ ಎಂಬ ಅರ್ಥದ ಹೆಸರಿನಲ್ಲಿ ಬಿಡಿಬಿಡಿಯಾಗಿ ಬಂದಿರುವ ಕಂತುಗಳು ಅವು. ಅವುಗಳೊಂದರಲ್ಲಿ ತಕಾಗಿ ತನ್ನ ಸಹೋದ್ಯೋಗಿ ಸಾತೊಳ ಜೊತೆ ಟ್ರಾಪಿಕಲ್ ಲ್ಯಾಂಡ್ ಎಂಬ ಮನರಂಜನಾ ಉದ್ಯಾನಕ್ಕೆ ಹೋಗುತ್ತಾನೆ. ಇಡೀ ಕಚೇರಿಯ ಗಂಡಸರೆಲ್ಲ ಒಳಗೊಳಗೇ ಮೆಚ್ಚಿಕೊಂಡಿರುವ ಹೆಂಗಸು ಆಕೆ. ಆದ್ದರಿಂದ ಕೊಲೆಗಾರರನ್ನು ಹಿಡಿಯಬೇಕಾದ ಅಷ್ಟೂ ಜನ, ಶಿರಾತೊರಿ ಎಂಬ ಸಿರಿವಂತ ಅಧಿಕಾರಿಯ ಮುಂದಾಳತ್ವದಲ್ಲಿ, ಈ ಬಡಪಾಯಿಯ ಭೇಟಿಯನ್ನು ಕೆಡಿಸಲು ನಿಂತಿರುತ್ತಾರೆ. ಮದುವೆಮನೆಯಲ್ಲಿ ಹೊಸ ಜೋಡಿಯ ಹಿಂದೆ ಸುಳಿದಾಡುವ ದಾಯಾದಿ ಹುಡುಗರ ಹಾಗೆ. ಹುಡುಗಿ ಹಪ್ಪಳ ನೆತ್ತಿಗೇರುವಷ್ಟು ನಕ್ಕಳು.

ಆದರೆ ನಗುವಿನ ನಡುವೆಯೇ ನಡೆಯುವ ಕೆಲಸವೊಂದಿದೆ. ಕೊಲೆಯ ಕಂತುಗಳಲ್ಲಿ ತಕಾಗಿ ಬೆವರಿದರೆ ಅದು ಮೇಲಧಿಕಾರಿಯ ಭಯಕ್ಕೆ. ಇಲ್ಲಿ ಬೆವರುವುದು ತನಗೆ ಇಷ್ಟವಾದ ಹೆಂಗಸಿನೆದುರು ಮಾತು ಹೊರಡದೆ. ಅವನ ಅಂಜಿಕೆ, ನಿಧಾನ, ಬೇರೆಯವರ ಮಾತಿಗೆ ಮಣಿದುಬಿಡುವ ಸ್ವಭಾವಗಳೆಲ್ಲ ಅದುವರೆಗೆ ಅವನ ಹುದ್ದೆಗೆ ಸೇರಿದ್ದವು. ಇಲ್ಲಿ ಅವನ ಸ್ವಂತದ್ದಾಗುತ್ತವೆ. ಕರ್ತವ್ಯದಲ್ಲಿರುವಾಗಲೇ ಜೀವ ಬಿಟ್ಟ ಪೊಲೀಸನ ಮಗಳಾದ ಸಾತೊ, ಮತ್ಸುದಾನನ್ನೂ ಕಳೆದುಕೊಂಡವಳು. ಇಂಥವಳು ಮತ್ತೊಬ್ಬನ ಹತ್ತಿರ ಸುಳಿಯಲು ಎಷ್ಟು ಹಿಂಜರಿಯಬಹುದು ಎಂಬುದನ್ನು ತಮಾಷೆಯ ಕಂತು ಬಾಯಿಬಿಟ್ಟು ಹೇಳುವುದಿಲ್ಲ. ಲಿಫ್ಟಿನಲ್ಲಿ ಬಾಂಬು ಟಿಕ್ ಎನ್ನುವಾಗ ಅದು ನಮಗೆ ನೆನಪಾಗುತ್ತದೆ.

ಹಗುರ ಕಂತುಗಳೆಲ್ಲ ಹೀಗೆಯೇ ಎಂದು ನಾನು ವಾದಿಸಲಾರೆ. ಮೂಲ ಚಿತ್ರಕಥೆಯಲ್ಲಿಲ್ಲದೆ ಟೀವಿಯವರು ವಾರದ ಜಾಗ ತುಂಬಲು ಹೆಣೆದ ನೂರಾರು ಕಂತುಗಳಲ್ಲಿ ಜೊಳ್ಳು ಸಾಕಷ್ಟಿದೆ. ಮಕ್ಕಳ ಪತ್ತೇದಾರಿ ತಂಡ ಬಿಡಾರ ಹೂಡಲು ಹೋಗುವುದು, ಗೆಂತಾ ಹಾವುಮೀನಿನ ಅನ್ನ ಬೇಕೆನ್ನುವುದು, ಎಲ್ಲರೂ ನಗುವುದು: ಇಪ್ಪತ್ತನೆಯ ಸಲಕ್ಕೆ ಗೆಂತಾನ ಬಗ್ಗೆ ನಮಗೆ ಹೊಸದೇನೂ ತಿಳಿಯುವುದಿಲ್ಲ. ಅಂಥವನ್ನು ಕೆಂಪು ಶಾಯಿಯಲ್ಲೇ ಇರಿಸು ಎಂದೆ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಷ್ಟೇ. ಆ ಪಾತ್ರಕ್ಕೆ ಪತ್ತೇದಾರಿಕೆಯಿಂದ ದಕ್ಕದ ಏನೋ ಒಂದು ಬೇಕಾಗಿರಬೇಕು.

ಶಿರಾತೊರಿಯ ಕಂತನ್ನು ಉದಾಹರಣೆಗೆ ಹಾಕಿ ತೋರಿಸಿದೆ. ತಕಾಗಿಯ ದಾರಿಗೆ ಅಡ್ಡ ಬರುವ ಠೀವಿಯ ಮನುಷ್ಯ ಎಂದಷ್ಟೇ ಹುಡುಗಿ ಅವನನ್ನು ಬಲ್ಲವಳು. ಬಾಲ್ಯದಲ್ಲಿ ಅವನೆದುರು ಹುಡುಗಿಯೊಬ್ಬಳು ಅಂಗಡಿಯಲ್ಲಿ ಕದಿಯುತ್ತಿದ್ದ ದೊಡ್ಡ ಹುಡುಗರನ್ನು ತಡೆದು ನಿಂತಿದ್ದಳು. ಆಮೇಲೆ ಆಕೆ ಸ್ಟ್ರಾಗೆ ಸುತ್ತಿದ್ದ ಕಾಗದವನ್ನು ಮಡಚಿ ಚೆರ್ರಿ ಹೂವು ಮಾಡಿ, ಇದು ಪೊಲೀಸರ ಲಾಂಛನದ ಹೂವು ಎಂದು ಕೊಟ್ಟಳು. ಅವನು ಪೊಲೀಸನಾದ. ಆ ಹುಡುಗಿ ಸಾತೊಳೇ ಎಂದು ನಂಬಿ ವರ್ಷಗಟ್ಟಲೆ ಅವಳ ಹಿಂದೆ ಸುತ್ತಿದ. ನಿಜಕ್ಕೂ ಆಕೆ ಕೊನಾನ್‌ನ ಶಾಲೆಯ ಶಿಕ್ಷಕಿ ಕೊಬಯಾಶಿ. ಸಾವಿರಾರು ಸುಳಿವುಗಳನ್ನು ತೂಗಿ ನೋಡುವ ಪೊಲೀಸನೊಬ್ಬ ತನ್ನ ಜೀವನದ ಒಂದೇ ಒಂದು ಸುಳಿವನ್ನು ತಪ್ಪಾಗಿ ಓದಿಕೊಂಡಿದ್ದ. ಕಾಗದದ ಹೂವು ತೆರೆಯ ಮೇಲೆ ಕಂಡಾಗ ಹುಡುಗಿ ಚಿತ್ರ ನಿಲ್ಲಿಸಿ, ಅಡುಗೆಮನೆಗೆ ಹೋಗಿ, ಹಣ್ಣಿನ ರಸದ ಡಬ್ಬಿಯ ಸ್ಟ್ರಾದ ಹೊದಿಕೆ ಬಿಚ್ಚಿಕೊಂಡು ಬಂದಳು. ಅದು ಪ್ಲಾಸ್ಟಿಕ್ಕು, ಮಡಚಿದರೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು.

ಈ ಸರಣಿಯವರಿಗೂ ಈ ಗುಟ್ಟು ಗೊತ್ತು ಎನ್ನುವುದಕ್ಕೆ 2022ರಲ್ಲಿ ಬಂದ ಹನ್ನೆರಡು ಪುಟ್ಟ ಕಂತುಗಳ ‘ಹಾನ್ನಿನ್ ನೋ ಹಾನ್ಜಾವಾ-ಸಾನ್’ ಸಾಕ್ಷಿ. ಕೊಲೆಗಾರ ಯಾರೆಂದು ತಿಳಿಯುವವರೆಗೆ ಅವನನ್ನು ಕಪ್ಪು ನೆರಳಾಗಿ ಬಿಡಿಸುವುದು ಕೊನಾನ್‌ನ ಹಳೆಯ ರೂಢಿ. ಆ ನೆರಳನ್ನೇ ನಾಯಕನನ್ನಾಗಿಸಿ, ಕೊಲೆ ಮಾಡಲೆಂದು ಪಟ್ಟಣಕ್ಕೆ ಬಂದವನು ಮೊದಲು ಬಾಡಿಗೆಮನೆ ಹುಡುಕಬೇಕಾದ ಪಾಡನ್ನು ತೋರಿಸಿದ್ದಾರೆ. ಮುಖವೇ ಇಲ್ಲದವನ ಮೇಲೂ ಮರುಕ ಹುಟ್ಟುತ್ತದೆ.

ಸಂಜೆ ಕರೆಂಟು ಹೋಯಿತು. ಇನ್ವರ್ಟರಿನ ಬಲದಲ್ಲಿ ನೋಡಿದ್ದು ಪ್ರೊಫೆಸರ್ ಅಗಾಸಾನ ಮೊದಲ ಪ್ರೇಮದ ಕಥೆ, 2005ರದು. ಕೊನಾನ್‌ಗೆ ಸ್ಕೇಟ್‌ಬೋರ್ಡು, ಧ್ವನಿ ಬದಲಿಸುವ ಬೋ ಟೈ ಮಾಡಿಕೊಡುವುದಕ್ಕಷ್ಟೇ ಇರುವ ಬೋಳುತಲೆಯ ಮುದುಕ ಅವನು. ಬಂಗಾರ ಬಣ್ಣದ ಕೂದಲಿಗಾಗಿ ಶಾಲೆಯಲ್ಲಿ ಹಂಗಿಸಿಕೊಳ್ಳುತ್ತಿದ್ದ ಫುಸಾಯೆ ಎಂಬ ಹುಡುಗಿಗೆ ಅಗಾಸಾ ಗಿಂಕೊ ಎಲೆಯ ಆ ಬಣ್ಣ ತನಗೆ ಇಷ್ಟ ಎಂದಿದ್ದ. ಊರು ಬಿಡುವಾಗ ಅವಳು ಕೊಟ್ಟ ಗುಪ್ತಲಿಪಿಯ ಪತ್ರವನ್ನು ಈ ವಿಜ್ಞಾನಿಗೆ ನಲವತ್ತು ವರ್ಷವಾದರೂ ಬಿಡಿಸಲಾಗಿಲ್ಲ. ಅವಳು ಹತ್ತು ವರ್ಷಕ್ಕೊಮ್ಮೆ ಬಂದು ಕಾದು ಹೋಗಿದ್ದಾಳೆ. ಕೊನೆಗೆ ಹಳದಿ ಎಲೆಗಳ ನಡುವೆ ಇಬ್ಬರೂ ಭೇಟಿಯಾಗಿ ನಾಲ್ಕು ಮಾತಾಡುತ್ತಾರೆ. ಅಷ್ಟೇ. ಕೊಲೆಯಿಲ್ಲ, ಮದುವೆಯೂ ಇಲ್ಲ.

ಮಲಗುವ ಮುಂಚೆ ಹುಡುಗಿ ತಾನಾಗಿ ಲಿಫ್ಟಿನ ದೃಶ್ಯವನ್ನು ಮತ್ತೊಮ್ಮೆ ಹಾಕಿದಳು. ನಾನು ಅವಳ ಮುಖ ನೋಡಲಿಲ್ಲ. ಬೆಳಿಗ್ಗೆ ಅವಳು ನನ್ನ ಮುಖ ನೋಡಿದ್ದು ನನಗೆ ಇರಿಸುಮುರಿಸಾಗಿತ್ತು. ಮುಗಿದ ಮೇಲೆ ಬಹಳ ಹೊತ್ತು ಮಳೆಯ ಸದ್ದಷ್ಟೇ ಇತ್ತು. ಆಮೇಲೆ, ತಕಾಗಿಯ ಮಾತೆತ್ತದೆ, “ಚಿಕ್ಕಪ್ಪ, ಆ ಫುಸಾಯೆ ಮತ್ತೆ ಬರೋದು ಹತ್ತು ವರ್ಷಕ್ಕಾ?” ಎಂದು ಕೇಳಿದಳು. ಹಾಗೆಂದೇ ಲೆಕ್ಕ ಎಂದೆ.

“ನನಗಾಗ ಇಪ್ಪತ್ನಾಕು” ಎಂದು ಅವಳು ಬೆರಳು ಮಡಚಿ ಎಣಿಸಿದಳು. “ಆದ್ರೆ ಕೊನಾನ್ ಆಗ್ಲೂ ಒಂದನೇ ಕ್ಲಾಸೇ ಅಲ್ವಾ? ಹಾಗಾದ್ರೆ ಆ ಹತ್ತು ವರ್ಷ ಆಗೋದು ಹೇಗೆ?”