ಚಿಗುರು ಮೊಟ್ಟೆ ಇಟ್ಟಳು: ಏಪ್ರಿಲ್–ಮೇ ದಿನಚರಿ

ಏಪ್ರಿಲ್ 6

ಇವತ್ತು ನಮ್ಮ ಗೋಸುಂಬೆ ಚಿಗುರಿನ ತೂಕ 118 ಗ್ರಾಂ. ಎರಡು ವಾರದ ಹಿಂದೆ 104 ಇತ್ತು. ಅಡುಗೆಮನೆ ತಕ್ಕಡಿ ಮೇಲೆ ಒಂದು ಕೋಲು ಇಟ್ಟು, ಸೊನ್ನೆ ಮಾಡಿಕೊಂಡು, ಅವಳನ್ನು ಅದಕ್ಕೆ ಹತ್ತಿಸುತ್ತೇನೆ. ಮೈ ಕಡು ಹಸಿರಾಗಿದೆ, ಮೇಲೆ ಹಳದಿ, ನೀಲಿ ಚುಕ್ಕೆಗಳು. ಹೊಟ್ಟೆಯಲ್ಲಿ ಮೊಟ್ಟೆ ತುಂಬಿದೆ.

ಗಂಡನ್ನು ಅವಳು ನೋಡಿಯೇ ಇಲ್ಲ. ಇವಳದು ಯೆಮೆನ್, ಸೌದಿ ಕಡೆಯ ವೇಲ್ಡ್ ಗೋಸುಂಬೆ ಜಾತಿ. ಇದರಲ್ಲಿ ಹೆಣ್ಣು ಗಂಡಿನ ಜೊತೆ ಸೇರದಿದ್ದರೂ ಮೊಟ್ಟೆ ಇಡುತ್ತದೆ, ಅವು ಮರಿಯಾಗುವುದಿಲ್ಲ ಅಷ್ಟೇ. ಇಡಲು ಸರಿಯಾದ ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೇ ಕುತ್ತು.

ಹೋದ ವರ್ಷ 57 ಮೊಟ್ಟೆ ಇಟ್ಟಿದ್ದಳು. ತಪ್ಪು ನನ್ನದೇ. ಕೇಳಿದಾಗಲೆಲ್ಲ ಹುಳು ಹಾಕುತ್ತಿದ್ದೆ, ದೀಪದ ಕೆಳಗೆ 33 ಡಿಗ್ರಿ ಶಾಖ ಇರುತ್ತಿತ್ತು. ಊಟ, ಶಾಖ ಎರಡೂ ಜಾಸ್ತಿಯಾದರೆ ಮೊಟ್ಟೆಯೂ ಜಾಸ್ತಿ. ಆಮೇಲೆ ಕಣ್ಣು ಗುಳಿಬಿದ್ದು, ಕೊಂಬೆ ಹಿಡಿಯಲೂ ಅವಳಿಗೆ ಶಕ್ತಿ ಇರಲಿಲ್ಲ. ಆ ಎರಡು ವಾರ ನೆನೆದರೆ ಈಗಲೂ ಸಂಕಟವಾಗುತ್ತದೆ. ಅಂದಿನಿಂದ ದಿನ ಬಿಟ್ಟು ದಿನ ಮೂರ್ನಾಲ್ಕು ಹುಳು, ದೀಪದ ಕೆಳಗೆ 27–28 ಡಿಗ್ರಿ. ಅಷ್ಟೇ.

ಏಪ್ರಿಲ್ 9

ಯುವಿಬಿ ಟ್ಯೂಬ್‌ಗೆ, ಅಂದರೆ ಬಿಸಿಲಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪಕ್ಕೆ, ಒಂದು ವರ್ಷ ಆಯಿತು, ಬದಲಿಸಿದೆ. ಬೆಳಕು ಹಾಗೇ ಕಾಣುತ್ತದೆ, ಆದರೆ ಯುವಿಬಿ ಸವೆದಿರುತ್ತದೆ. ಅದು ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ. ಡಿ3 ಇಲ್ಲದೆ ಕ್ಯಾಲ್ಸಿಯಂ ಹಿಡಿಯುವುದಿಲ್ಲ. ಆಗ ಮೊಟ್ಟೆಯ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅವಳ ಮೂಳೆಯಿಂದಲೇ ಹೋಗುತ್ತದೆ. ಇಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಬಿಸಿಲಿಗೇನು ಕೊರತೆ, ಕಿಟಕಿ ಪಕ್ಕ ಇಟ್ಟರೆ ಸಾಕಲ್ವಾ ಎಂದು ಮನೆಯವರು ಕೇಳಿದರು. ಸಾಲದು. ಕಿಟಕಿ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ.

ಏಪ್ರಿಲ್ 14

ಬೆಲ್ಲ, ಅಂದರೆ ನಮ್ಮ ಲೆಪರ್ಡ್ ಗೆಕ್ಕೊ ಹಲ್ಲಿ, ಪೊರೆ ಬಿಟ್ಟ. ಹಿಂಗಾಲಿನ ಒಂದು ಬೆರಳಲ್ಲಿ ಉಂಗುರದ ಹಾಗೆ ಪೊರೆ ಉಳಿದಿತ್ತು. ಹಾಗೇ ಬಿಟ್ಟರೆ ರಕ್ತ ಓಡಾಡದೆ ಬೆರಳೇ ಉದುರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒದ್ದೆ ಹತ್ತಿಯಿಂದ ಮೆಲ್ಲಗೆ ಸವರಿದೆ, ಬಂತು. ಅವನ ಗೂಡಿನ ಪಾಚಿ ಒಣಗಿತ್ತು. ಈಗ ಒದ್ದೆ ಮಾಡಿದ್ದೇನೆ.

ಏಪ್ರಿಲ್ 17

ಚಿಗುರು ಊಟ ಬಿಟ್ಟಳು. ಕೊಂಬೆ ಬಿಟ್ಟು ಕೆಳಗಿಳಿದು ಅತ್ತಿಂದಿತ್ತ ಓಡಾಡುತ್ತಿದ್ದಾಳೆ. ಒಂದು ಅಡಿ ಆಳದ ಡಬ್ಬಕ್ಕೆ ತೊಳೆದ ಮರಳು ತುಂಬಿ ಇಟ್ಟಿದ್ದೆ. ಹದ ಮುಖ್ಯ: ಬೆರಳಿಂದ ತೂತು ಕೊರೆದರೆ ಕುಸಿಯಬಾರದು, ತಳದಲ್ಲಿ ನೀರೂ ನಿಲ್ಲಬಾರದು.

ಏಪ್ರಿಲ್ 18

ಅಗೆಯಲು ಶುರು ಮಾಡಿದಳು. ಪಂಜರಕ್ಕೆ ಬೆಡ್‌ಶೀಟ್ ಹೊದಿಸಿದೆ. ಯಾರಾದರೂ ನೋಡುತ್ತಿದ್ದಾರೆ ಅನಿಸಿದರೆ ಅರ್ಧಕ್ಕೇ ಬಿಟ್ಟು ಬರುತ್ತಾಳೆ. ಮಗಳಿಗೆ ಇಣುಕದೆ ಇರುವುದು ತುಂಬಾ ಕಷ್ಟವಾಯಿತು. ಆದರೂ ಇದ್ದಳು.

ಏಪ್ರಿಲ್ 19

ಸಂಜೆ ಹೊತ್ತಿಗೆ ಗುಂಡಿ ಮುಚ್ಚಿ ಮೇಲೆ ಬಂದಳು. ಮುಖವೆಲ್ಲ ಮರಳು. ತೂಕ 89 ಗ್ರಾಂ. ಮರಳು ಸರಿಸಿ ಎಣಿಸಿದೆ: 23 ಮೊಟ್ಟೆ. 57 ಎಲ್ಲಿ, 23 ಎಲ್ಲಿ! ಕೂಡಲೇ ಎಲೆಗಳ ಮೇಲೆ ನೀರು ತೊಟ್ಟಿಕ್ಕಲು ಬಿಟ್ಟೆ. ಬಟ್ಟಲಲ್ಲಿ ನೀರಿಟ್ಟರೆ ಇವು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ, ಎಲೆಯ ಹನಿಯೇ ಬೇಕು. ಇಪ್ಪತ್ತು ನಿಮಿಷ ಬಿಡದೆ ಕುಡಿದಳು.

ಏಪ್ರಿಲ್ 24

ಐದು ದಿನ ಹೊಟ್ಟೆ ತುಂಬ ಊಟ. ಹುಳುಗಳಿಗೆ ಹಿಂದಿನ ದಿನವೇ ಸೊಪ್ಪು, ಕ್ಯಾರೆಟ್ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಸವರಿ ಕೊಟ್ಟೆ. ಕ್ರಿಕೆಟ್ ಹುಳುವಿನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಸುಮ್ನೆ ಹಾಗೇ ಹಾಕಿದರೆ ಪ್ರಯೋಜನವಿಲ್ಲ. ನಾಳೆಯಿಂದ ಮತ್ತೆ ಹಳೇ ಲೆಕ್ಕ.

ಮೇ 3

ತುಮಕೂರಿನಿಂದ ತಂಗಿ ಫೋಟೊ ಕಳಿಸಿದ್ದಳು, ತೋಟದ ಬೇಲಿ ಮೇಲೆ ಗೋಸುಂಬೆ. "ಅಕ್ಕ, ಹಿಡಿದು ಸಾಕಲಾ?" ಬೇಡವೇ ಬೇಡ ಎಂದೆ. ನಮ್ಮ ಕಾಡು ಗೋಸುಂಬೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಬೇಲಿಯೇ ಅದರ ಮನೆ.

ಮೇ 10

ಚಿಗುರು 101 ಗ್ರಾಂ. ಕಣ್ಣು ತುಂಬಿಕೊಂಡಿದೆ, ಹಿಡಿತ ಗಟ್ಟಿ. ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಬಿಳಿಯಾಗೇ ಇದೆ, ಕಿತ್ತಳೆಗೆ ತಿರುಗಿಲ್ಲ. ಅಂದರೆ ನೀರು ಸಾಕಾಗುತ್ತಿದೆ. ಮುಂದಿನ ಸರದಿ ಮೂರ್ನಾಲ್ಕು ತಿಂಗಳಲ್ಲೇ ಬರಬಹುದು. ಮರಳಿನ ಡಬ್ಬ ತೆಗೆದಿಲ್ಲ.