ಪೆನ್ಸಿಲ್ ಗೆರೆ ಹಾಕಿದ ವಚನಗಳು

ಬೈಬಲ್ ಕ್ವಿಜ್‌ನಲ್ಲಿ ನನ್ನನ್ನು ಸೋಲಿಸುವವರು ನಮ್ಮ ಹಾಸ್ಟೆಲ್‌ನಲ್ಲಿ ಇರಲಿಲ್ಲ. ಹಳೆಯ ಒಡಂಬಡಿಕೆಯಲ್ಲಿ 39 ಪುಸ್ತಕ, ಹೊಸದರಲ್ಲಿ 27. ಎಲ್ಲಕ್ಕಿಂತ ಉದ್ದದ ಅಧ್ಯಾಯ 119ನೇ ಕೀರ್ತನೆ, 176 ವಚನ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಗೆದ್ದ ಸರ್ಟಿಫಿಕೇಟುಗಳನ್ನು ಟ್ರಂಕಿನ ತಳದಲ್ಲಿ ಮಡಚದೆ ಇಟ್ಟುಕೊಂಡಿದ್ದೆ.

ಎರಡನೇ ವರ್ಷದ ಪರೀಕ್ಷೆಗೆ ಮುಂಚೆ ಮಂಚದ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದೆ. ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆಗಳೇ ಎಂದು ದೇವರು ಹೇಳುವ ವಚನ. ಆಗ ಯಾರ ರೂಮಿಗೆ ಹೋದರೂ ಇದೇ ಇರುತ್ತಿತ್ತು. ರೌಂಡ್ಸಿಗೆ ಬಂದ ವಾರ್ಡನ್ ಸರ್ ಅದನ್ನು ಓದಿ, "ಚೆನ್ನಾಗಿದೆ. ಹತ್ತನೇ ವಚನ ಏನು ಹೇಳುತ್ತಪ್ಪಾ?" ಅಂದರು.

ಗೊತ್ತಿರಲಿಲ್ಲ. ಕ್ವಿಜ್ ಚಾಂಪಿಯನ್‌ಗೆ!

ಅಲ್ಲೇ ನಿಂತು ಓದಿಸಿದರು. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ನೀವಿರುವ ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ ಅಂತ ಮೊದಲು ಹೇಳುತ್ತದೆ. ಆಮೇಲೆ ಹತ್ತನೇ ವಚನ: 70 ವರ್ಷ ಕಳೆದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ. ಪತ್ರ ಕೇಳಿಸಿಕೊಂಡವರಲ್ಲಿ ಎಷ್ಟೋ ಜನ ಆ ದಿನ ನೋಡಲು ಬದುಕಿರುವುದಿಲ್ಲ. ನಾನೋ ಮೂರು ವಾರದಲ್ಲಿ ಬರುವ ರಿಸಲ್ಟಿಗೆ ಅದನ್ನು ಅಂಟಿಸಿಕೊಂಡಿದ್ದೆ. "ನಿನಗೂ ಧೈರ್ಯ ಕೊಡಲಿ, ಬೇಡ ಅನ್ನಲ್ಲ. ಆದರೆ ಮೊದಲು ಅವರ ಪತ್ರ ಅವರಿಗೆ ಕೊಡು" ಅಂದು ಸರ್ ಮುಂದಿನ ರೂಮಿಗೆ ಹೋದರು.

ಪರೀಕ್ಷೆ ಮುಗಿದ ಮೇಲೆ ನಾನೇ ಹೋಗಿ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದೆ. ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರ ಅನ್ನುತ್ತಾರೆ ಅಂದುಕೊಂಡಿದ್ದೆ. ಅದೇ ಪೌಲ ಫಿಲೆಮೋನನಿಗೆ ಬರೆದದ್ದು ಅಂದರು. ಬರೀ 25 ವಚನ. ದಿನಾ ಒಂದೇ ಸಲಕ್ಕೆ ಪೂರ್ತಿ ಓದಬೇಕು, ಎರಡು ವಾರ. ಪೌಲ ಬರೆದಾಗ ಈ ಅಂಕಿಗಳೆಲ್ಲ ಇರಲೇ ಇಲ್ಲ. ಈಗ ನಾವು ಬಳಸುವ ವಚನದ ಅಂಕಿಗಳು ಹೊಸ ಒಡಂಬಡಿಕೆಗೆ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಅನ್ನುವ ಮುದ್ರಕನಿಂದ. ಪತ್ರವನ್ನು ಪತ್ರದ ಹಾಗೆ ಓದಬೇಕು, ಅಷ್ಟೇ. ಜೊತೆಗೆ ಸರ್ ಇನ್ನೊಂದು ವಿಚಿತ್ರ ಕೆಲಸ ಕೊಟ್ಟರು. "ಇಷ್ಟವಾದ ವಚನಕ್ಕೆ ಎಲ್ಲರೂ ಗೆರೆ ಹಾಕ್ತಾರೆ. ನೀನು ಇಷ್ಟವಾಗದ್ದಕ್ಕೆ ಹಾಕು. ಪೆನ್ಸಿಲ್‌ನಲ್ಲಿ. ಒಪ್ಪಿಗೆಯಾದ ದಿನ ಅಳಿಸು."

ನಾಲ್ಕು ದಿನಕ್ಕೆ ಬೇಜಾರಾಯಿತು. ಒನೇಸಿಮ ಅನ್ನುವ ಗುಲಾಮ, ಫಿಲೆಮೋನ ಅನ್ನುವ ಯಜಮಾನ, ಆ ಗುಲಾಮನನ್ನು ಸಹೋದರನ ಹಾಗೆ ಸೇರಿಸಿಕೋ ಅನ್ನುವ ಸೆರೆಯಲ್ಲಿರುವ ಪೌಲ. ಗೊತ್ತಾಯಿತಲ್ಲ, ಇನ್ನೇನಿದೆ? ಹನ್ನೊಂದನೇ ದಿನವೋ ಏನೋ, 18ನೇ ವಚನದಲ್ಲಿ ಕಣ್ಣು ನಿಂತಿತು. ಅವನು ನಿನಗೆ ಏನಾದರೂ ಕೊಡಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು ಅನ್ನುತ್ತಾನೆ ಪೌಲ. ಮುಂದಿನ ಸಾಲಿನಲ್ಲಿ, ನಾನೇ ತೀರಿಸುತ್ತೇನೆ, ಇದು ನನ್ನ ಸ್ವಂತ ಕೈಬರಹ ಅಂತ.

ಆಗ ನಾನು ರೂಮ್‌ಮೇಟ್ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ನನ್ನ ಕ್ಯಾಲ್ಕುಲೇಟರ್ ಕಳೆದುಹಾಕಿದ್ದ. ಹತ್ತು ದಿನ ಅದೇ ವಚನ ಓದಿದ್ದೇನೆ, ಅವನು ಪಕ್ಕದ ಮಂಚದಲ್ಲೇ ಮಲಗಿದ್ದಾನೆ, ನನಗೆ ಏನೂ ಅನಿಸಿಲ್ಲ! ಸಿಟ್ಟು ಬಂದು ಪಕ್ಕದಲ್ಲಿ ಗೆರೆ ಎಳೆದೆ. ಮೂರು ದಿನ ಬಿಟ್ಟು, "ಕ್ಯಾಲ್ಕುಲೇಟರ್ ವಿಷಯ ಬಿಡು ಮಾರಾಯ" ಅಂದೆ. "ಯಾವ ಕ್ಯಾಲ್ಕುಲೇಟರ್?" ಅಂದ. ಕ್ಷಮಿಸಲು ಹೋದವನಿಗೆ ಇನ್ನೂ ಜಾಸ್ತಿ ಸಿಟ್ಟು ಬಂತು. ಆ ಗೆರೆ ಅಳಿಸಲು ಆ ವರ್ಷ ಪೂರ್ತಿ ಬೇಕಾಯಿತು.

ಇಬ್ರಿಯರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಹಾಲು ಕುಡಿಯುವ ಕೂಸು, ಗಟ್ಟಿ ಆಹಾರ ತಿನ್ನುವ ದೊಡ್ಡವರು ಅಂತ ಬರುತ್ತದೆ. ಗಟ್ಟಿ ಆಹಾರ ಅಂದರೆ ಕಷ್ಟದ ಸಿದ್ಧಾಂತಗಳು ಅಂತ ನಾನು ತಿಳಿದಿದ್ದೆ. ಆದರೆ 14ನೇ ವಚನ ನೋಡಿ. ದೊಡ್ಡವರು ಅಂದರೆ ಅಭ್ಯಾಸದಿಂದ ಒಳ್ಳೆಯದು ಕೆಟ್ಟದ್ದು ಗುರುತಿಸಲು ಕಲಿತವರು ಅನ್ನುತ್ತದೆ. ಕ್ವಿಜ್‌ನಲ್ಲಿ ಇದಕ್ಕೆ ಮಾರ್ಕ್ಸ್ ಇಲ್ಲ.

ಹಾಗಂತ ಚರ್ಚಿನ ಸಭೆ ಬೇಡ, ಪ್ರಸಂಗ ಅಂದರೆ ಅಲ್ಲಿನ ಬೋಧನೆ ಬೇಡ, ಒಬ್ಬನೇ ಓದಿದರೆ ಸಾಕು ಅಂತ ಸರ್ ಯಾವತ್ತೂ ಹೇಳಲಿಲ್ಲ. ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿಯೇ ಹೇಳಲಿಲ್ಲವೇ, ಯಾರಾದರೂ ತಿಳಿಸಿಕೊಡದಿದ್ದರೆ ನನಗೆ ಹೇಗೆ ಅರ್ಥವಾದೀತು ಅಂತ? ಬೆರೋಯ ಅನ್ನುವ ಊರಿನವರ ರೀತಿ ಸರ್‌ಗೆ ಬಹಳ ಇಷ್ಟ. ಪೌಲ ಹೇಳಿದ್ದನ್ನು ಆಸೆಯಿಂದ ಕೇಳಿದರು, ಹೌದೋ ಅಲ್ಲವೋ ಅಂತ ದಿನಾ ಗ್ರಂಥ ತೆಗೆದೂ ನೋಡಿದರು. ಭಾನುವಾರ ಸರ್ ಪ್ರಸಂಗ ಮಾಡಿದರೆ ಸೋಮವಾರ ನಾವು ತಪ್ಪು ಹುಡುಕಿಕೊಂಡು ಹೋಗುತ್ತಿದ್ದೆವು. ಒಮ್ಮೆ ಸಿಕ್ಕಿಯೂ ಬಿಟ್ಟಿತು. ಮುಂದಿನ ವಾರ ಸರ್ ಎಲ್ಲರ ಮುಂದೆ ಅದನ್ನು ತಿದ್ದಿಕೊಂಡರು. ಅವರ ಯಾವ ಪ್ರಸಂಗವೂ ನನಗೆ ಆ ತಿದ್ದಿಕೊಂಡದ್ದರಷ್ಟು ನೆನಪಿಲ್ಲ.

ಆ ಬೈಬಲ್ ಈಗಲೂ ನನ್ನ ಹತ್ತಿರ ಇದೆ. ಬೆನ್ನು ಕಿತ್ತುಹೋಗಿ ಟೇಪ್ ಹಾಕಿದ್ದೇನೆ. ಅಳಿಸಿದ ಕಡೆ ಕಾಗದ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರ ಕಾಣುತ್ತದೆ. ವೈರಿಗಳನ್ನು ಪ್ರೀತಿಸಿರಿ ಅನ್ನುವ ಮತ್ತಾಯ 5:44ರ ಪಕ್ಕದಲ್ಲಂತೂ ಮೂರು ಸಲ ಅಳಿಸಿ ಮೂರು ಸಲ ಎಳೆದಿದ್ದೇನೆ. ಸದ್ಯಕ್ಕೆ ಗೆರೆ ಇದೆ.